ಸೊಟ್ಟಗೋಡೆಯ ಸಿದ್ಧಾಂತ ಅಥವಾ ಭಿತ್ತಿದೋಷಗೋಪನ ಶಾಸ್ತ್ರ

1. ಅಧಿಕಾರಿ ನಿರ್ಣಯ

ಶಾಸ್ತ್ರ ಹೇಳುವ ಮೊದಲು ಅದನ್ನು ಕೇಳಲು ಯಾರು ಅರ್ಹರೆಂದು ನಿರ್ಣಯಿಸಬೇಕೆಂಬುದು ಪೂರ್ವಾಚಾರ್ಯರ ಕಟ್ಟಳೆ. ಸಾಲ ಮಾಡಿ ಮನೆ ಕಟ್ಟಿಸಿ, ಗೃಹಪ್ರವೇಶದ ಊಟ ಹಾಕಿಸಿ, ಆಮೇಲೊಂದು ಸಂಜೆ ಕಿಟಕಿಯಿಂದ ಓರೆಯಾಗಿ ಬಿದ್ದ ಬಿಸಿಲಲ್ಲಿ ಹಾಲ್‌ನ ಗೋಡೆ ನೋಡಿ ಎದೆ ಧಸಕ್ಕೆಂದವರೆಲ್ಲರೂ ಈ ಶಾಸ್ತ್ರಕ್ಕೆ ಅಧಿಕಾರಿಗಳು. ಬಾಡಿಗೆದಾರರು ಅಲ್ಲ. ಅವರಿಗೆ ಮೊಳೆ ಹೊಡೆಯುವ ಅಧಿಕಾರವೇ ಇರುವುದಿಲ್ಲ, ಇನ್ನು ಶಾಸ್ತ್ರಾಧಿಕಾರ ಎಲ್ಲಿಂದ ಬರಬೇಕು?

ಮೂಲಸೂತ್ರ ಒಂದೇ: ತಿದ್ದಲಾಗದ್ದು ಡಿಸೈನ್ ಎನಿಸಿಕೊಳ್ಳುತ್ತದೆ. ಸೂತ್ರ ಚಿಕ್ಕದು, ಖರ್ಚು ದೊಡ್ಡದು. ಆದ್ದರಿಂದ ಭಾಷ್ಯ ಅಗತ್ಯ.

2. ದೋಷ ವಿಭಾಗ

ಗೋಡೆಯ ದೋಷ ಮೂರು ಬಗೆ: ಸಹಜ, ಆರ್ಜಿತ, ಆಗಂತುಕ.

ಸಹಜದೋಷವೆಂದರೆ ಉಬ್ಬುತಗ್ಗು. ಚೀಲದಲ್ಲಿ ತೂಗುಗುಂಡೂ ರಸಮಟ್ಟವೂ ಇದ್ದೂ ಮೇಸ್ತ್ರಿ ಕಣ್ಣಳತೆಯನ್ನೇ ನೆಚ್ಚಿದಾಗ ಇದು ಹುಟ್ಟುತ್ತದೆ. ತರ್ಕಶಾಸ್ತ್ರದಲ್ಲಿ ಪ್ರತ್ಯಕ್ಷವೇ ಮೊದಲ ಪ್ರಮಾಣವಾದ್ದರಿಂದ ಮೇಸ್ತ್ರಿಯನ್ನು ದೂಷಿಸುವಂತಿಲ್ಲ.

ಆರ್ಜಿತದೋಷವೆಂದರೆ ಬಿರುಕು. ಸಿಮೆಂಟಿನ ಗಾರೆ ಒಣಗುತ್ತ ಕುಗ್ಗುವ ವಸ್ತು. ವಾರದ ಮಟ್ಟಿಗಾದರೂ ದಿನವೂ ನೀರು ಹೊಡೆದು ಕ್ಯೂರಿಂಗ್ ಮಾಡದಿದ್ದರೆ ಮೈತುಂಬ ಕೂದಲೆಳೆಯ ಬಿರುಕು ಬಿಡುತ್ತದೆ. ಎಲೆಕ್ಟ್ರಿಷಿಯನ್ ವೈರಿನ ಪೈಪು ಹೂಳಲು ಕೊರೆದು, ಊಟದ ಹೊತ್ತಿಗೆ ಅವಸರದಲ್ಲಿ ಮುಚ್ಚಿದ ಗೆರೆಯೂ ಈ ವರ್ಗದ್ದೇ.

ಆಗಂತುಕದೋಷವೆಂದರೆ ತೇವ. ಇಟ್ಟಿಗೆ, ಗಾರೆಗಳೊಳಗಿನ ಲವಣ ನೀರಲ್ಲಿ ಕರಗಿ ಗೋಡೆಯ ಮೈಗೆ ಬರುತ್ತದೆ. ನೀರು ಆರಿಹೋಗಿ ಬಿಳಿಯ ಹುಡಿ ಉಳಿಯುತ್ತದೆ. ಬಣ್ಣ ಚಕ್ಕೆಚಕ್ಕೆಯಾಗಿ ಏಳುತ್ತದೆ. ಇದು ಅತಿಥಿ. ಆದರೆ ಹೋಗುವ ತಿಥಿ ಹೇಳದ ಅತಿಥಿ.

ಈ ಮೂರಕ್ಕೂ ಹೊಣೆ ಯಾರೆಂಬ ಪ್ರಶ್ನೆಗೆ ಗುರುಪರಂಪರೆಯಲ್ಲೇ ಉತ್ತರವಿದೆ. ಗಾರೆ ಮೇಸ್ತ್ರಿಗೆ ಸೊಟ್ಟ ತೋರಿಸಿದರೆ, “ಅದೇನಿಲ್ಲ ಸಾರ್, ಪುಟ್ಟೀಲಿ ಹೋಗುತ್ತೆ” ಎನ್ನುತ್ತಾರೆ. ಪೇಂಟರಿಗೆ ತೋರಿಸಿದರೆ, “ಗಾರೇನೇ ಸರಿಯಿಲ್ಲ ಸಾರ್, ಪುಟ್ಟಿ ಎಷ್ಟೂಂತ ಎಳೆಯೋದು? ಒಂದ್ ಟೆಕ್ಸ್ಚರ್ ಮಾಡ್ಬಿಡೋಣ, ನೋಡಿದೋರು ಡಿಸೈನ್ ಅನ್ಕೋತಾರೆ” ಎನ್ನುತ್ತಾರೆ. ಮೂಲಸೂತ್ರದ ದ್ರಷ್ಟಾರರು ಇವರೇ. ನಾವು ಬರೀ ಭಾಷ್ಯಕಾರರು.

3. ಪೂರ್ವಾಚಾರ್ಯರ ಮತ

12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ ಗ್ರಂಥದಲ್ಲಿ ಅಡುಗೆ, ಆನೆ, ಆಟಪಾಟಗಳ ಜೊತೆಗೆ ಗೋಡೆಯನ್ನೂ ಬಿಟ್ಟಿಲ್ಲ. ಚಿತ್ರ ಬರೆಯುವ ಗೋಡೆ ಮೊದಲು ಸುಣ್ಣದ ಗಾರೆಯಿಂದ ನುಣುಪಾಗಿರಬೇಕು. ಎಮ್ಮೆಯ ಚರ್ಮ ಕುದಿಸಿ ಮಾಡಿದ ವಜ್ರಲೇಪವೆಂಬ ಅಂಟನ್ನು ಬಿಳಿಮಣ್ಣಿನಲ್ಲಿ ಕಲಸಿ 3 ಸಲ ಬಳಿಯಬೇಕು. ಈಗಿನವರು ಒಂದು ಕೋಟ್ ಪ್ರೈಮರ್, ಎರಡು ಕೋಟ್ ಪುಟ್ಟಿ ಎನ್ನುವುದು ಈ ಪರಂಪರೆಯ ಸಸ್ಯಾಹಾರಿ ಶಾಖೆ. ಗೋಡೆ ಸೊಟ್ಟಗಿದ್ದರೆ ಏನು ಗತಿ ಎಂಬ ಚಿಂತೆ ದೊರೆಗೆ ಬಂದಿರಲಾರದು, ಬಂದಿದ್ದರೆ ಮೇಸ್ತ್ರಿಗೆ.

ರೋಮಿನ ವಿಟ್ರೂವಿಯಸ್ ಕ್ರಿಸ್ತಪೂರ್ವ 1ನೆಯ ಶತಮಾನದಲ್ಲೇ ವಾಸ್ತುವಿನ ಮೇಲೆ 10 ಸಂಪುಟ ಬರೆದ. 7ನೆಯದರಲ್ಲಿ ಗೋಡೆಗೆ ಮರಳಿನ ಗಾರೆ 3 ಪದರ, ಅದರ ಮೇಲೆ ಅಮೃತಶಿಲೆಯ ಪುಡಿಯದು 3 ಪದರ ಎಂದು ವಿಧಿಸಿದ್ದಾನೆ. ತೇವ ಹಿಡಿಯುವ ಗೋಡೆಗೆ ನೆಲದಿಂದ 3 ಅಡಿ ಎತ್ತರದವರೆಗೆ ಮರಳಿನ ಬದಲು ಹೆಂಚಿನ ಪುಡಿಯ ಗಾರೆ ಹಾಕು, ಪೂರ್ತಿ ಒದ್ದೆಯಾದರೆ ಒಳಗಡೆ ಗಾಳಿ ಆಡುವಂತೆ ಸಂದು ಬಿಟ್ಟು ಇನ್ನೊಂದು ತೆಳುಗೋಡೆ ಎಬ್ಬಿಸು ಎಂದೂ ಹೇಳಿದ್ದಾನೆ. ಬಣ್ಣ ಬಳಿದು ಮುಚ್ಚು ಎಂದು ಹೇಳಿಲ್ಲ. ಆತನನ್ನು ಇಂದಿನ ಕಂಟ್ರಾಕ್ಟರುಗಳು ಓದದಿರಲು ಇದೇ ಕಾರಣವಿರಬೇಕು.

ಆದರೂ ವಂಚನೆ ರೋಮನ್ನರಿಗೆ ಹೊಸದಲ್ಲ. ಪೊಂಪೆಯ ಹಳೆಯ ಮನೆಗಳಲ್ಲಿ ಗಾರೆಯನ್ನೇ ಚಪ್ಪಡಿಯಂತೆ ತೀಡಿ, ಬಣ್ಣ ಹಚ್ಚಿ, ಅಮೃತಶಿಲೆಯೆಂದು ನಂಬಿಸಿದ್ದಾರೆ. ಆಗಸ್ಟ್ ಮೌ ಎಂಬ ಜರ್ಮನ್ ವಿದ್ವಾಂಸ 1882ರಲ್ಲಿ ಪೊಂಪೆಯ ಗೋಡೆಗಳನ್ನು 4 ಶೈಲಿಗಳಾಗಿ ವಿಂಗಡಿಸಿ, ಈ ನಕಲಿ ಶಿಲೆಗೇ ಪ್ರಥಮ ಶೈಲಿಯ ಪಟ್ಟ ಕಟ್ಟಿದ. ಕ್ರಿ.ಶ. 79ರ ಜ್ವಾಲಾಮುಖಿಯ ಬೂದಿಯಡಿ ಸುಮಾರು 1,700 ವರ್ಷ ಹೂತುಹೋಗಿದ್ದೂ ಆ ಗಾರೆ ಕಚ್ಚಿಕೊಂಡಿದೆ. ನಮ್ಮ ಬಣ್ಣದ ಡಬ್ಬದ ಮೇಲಿನ ವಾರಂಟಿಯಾದರೋ ಗೋಡೆ ಒಣಗಿದ್ದರೆ ಮಾತ್ರ.

ಲಿಯೊನಾರ್ಡೊ ಡಾ ವಿಂಚಿಯದು ಇನ್ನೂ ಉದಾರ ಮತ. ಕಲೆ ಹಿಡಿದ ಗೋಡೆಯನ್ನು ದಿಟ್ಟಿಸಿ ನೋಡಿ, ಬೆಟ್ಟ, ನದಿ, ಕಾಳಗ ಎಲ್ಲ ಹೊಳೆಯುತ್ತವೆ ಎಂದು ಆತ ಚಿತ್ರಕಾರರಿಗೆ ಬುದ್ಧಿ ಹೇಳಿದ್ದ. ಬಚ್ಚಲಿನ ಪಕ್ಕದ ಗೋಡೆಯಲ್ಲಿ ನಮಗೂ ನದಿ ಹೊಳೆದದ್ದುಂಟು. ಪ್ಲಂಬರ್ ಬಂದು ಅದರ ಉಗಮಸ್ಥಾನ ತೋರಿಸಿದ.

4. ಬೆಳಕಿನ ಮೀಮಾಂಸೆ

ದೋಷ ಗೋಡೆಯಲ್ಲಿದೆಯೋ ಬೆಳಕಿನಲ್ಲಿದೆಯೋ? ವಿಜ್ಞಾನಿ ಲ್ಯಾಂಬರ್ಟ್ 1760ರಲ್ಲಿ ನಿರೂಪಿಸಿದ ನಿಯಮದಂತೆ, ಪೂರ್ತಿ ಮಂಕಾದ ಮೈ ತನ್ನ ಮೇಲೆ ಬಿದ್ದ ಬೆಳಕನ್ನು ಎಲ್ಲ ದಿಕ್ಕಿಗೂ ಚೆದರಿಸಿ, ಎಲ್ಲಿಂದ ನೋಡಿದರೂ ಒಂದೇ ಹೊಳಪಿನಲ್ಲಿ ಕಾಣುತ್ತದೆ. ಮಿರುಗುವ ಮೈ ಹಾಗಲ್ಲ. ಒಂದೊಂದು ಉಬ್ಬೂ ಬೆಳಕನ್ನು ತನ್ನದೇ ದಿಕ್ಕಿಗೆ ತಿರುಗಿಸಿ ಊರಿಗೆಲ್ಲ ಸಾರುತ್ತದೆ. ಸೊಟ್ಟಗೋಡೆಗೆ ಗ್ಲಾಸಿ ಫಿನಿಶ್ ನಿಷಿದ್ಧ, ಮ್ಯಾಟ್ ವಿಹಿತ ಎಂಬ ವಿಧಿಗೆ ಆಧಾರ ಇದು.

ಗೋಡೆಯನ್ನು ಸವರಿಕೊಂಡು ಬೀಳುವ ಬೆಳಕಿನೆದುರು ಮಾತ್ರ ಮ್ಯಾಟ್ ಕೂಡ ಸೋಲುತ್ತದೆ. ಚಿಕ್ಕ ಗುಬುಟಿಗೂ ಉದ್ದ ನೆರಳು ಬೆಳೆಯುತ್ತದೆ. ಫಾಲ್ಸ್ ಸೀಲಿಂಗಿನ ಅಂಚಿನಲ್ಲಿ ಎಲ್‌ಇಡಿ ಪಟ್ಟಿ ಹಾಕಿಸುವವರು ಸ್ವಂತ ಖರ್ಚಿನಲ್ಲಿ ತಮ್ಮ ವಿರುದ್ಧ ತಾವೇ ಸಾಕ್ಷಿ ಹೇಳಿಸಿದಂತೆ.

5. ಪ್ರಯೋಗ ವಿಧಿ

ಸ್ಪಂಜು ವಿಧಿ: ಮೊದಲ ಬಣ್ಣ ಪೂರ್ತಿ ಒಣಗಿದ ಮೇಲೆ, ಅದಕ್ಕಿಂತ ತುಸು ಗಾಢವಾದ ಬಣ್ಣವನ್ನು ತೆಳು ಮಾಡಿಕೊಳ್ಳಬೇಕು. ಹಿಂಡಿದ ಒದ್ದೆ ಸ್ಪಂಜನ್ನು ಅದರಲ್ಲದ್ದಿ, ಹೆಚ್ಚಾದದ್ದನ್ನು ಹಳೇ ಪೇಪರಿಗೆ ಒತ್ತಿ ತೆಗೆದು, ಗೋಡೆಗೆ ತಟ್ಟಿ ತಟ್ಟಿ ಎತ್ತಬೇಕು. ಪ್ರತಿ ಸಲವೂ ಮಣಿಕಟ್ಟು ಸ್ವಲ್ಪ ತಿರುಗಬೇಕು. ಇಲ್ಲದಿದ್ದರೆ ಒಂದೇ ಗುರುತು ಸಾಲಾಗಿ ಬಿದ್ದು, ಗೋಡೆ ತಾಲ್ಲೂಕು ಕಚೇರಿಯಲ್ಲಿ ಮೊಹರು ಬಿದ್ದ ಅರ್ಜಿಯಂತಾಗುತ್ತದೆ. ಸಣ್ಣ ಬಿರುಕಿಗೆ, ಪುಟ್ಟಿ ತೀಡಿದ ಗುರುತಿಗೆ ಇದು ಸಾಕು.

ಕವರ್ ವಿಧಿ: ತರಕಾರಿ ತಂದ ಪ್ಲಾಸ್ಟಿಕ್ ಕವರನ್ನು ಮುದ್ದೆ ಮಾಡಿ, ಎರಡನೆಯ ಬಣ್ಣ ಹಸಿಯಿರುವಾಗಲೇ ಅದರ ಮೇಲೆ ಒತ್ತಬೇಕು. ಸುಕ್ಕುಗಳೇ ಚಿತ್ತಾರ. ಬಿಲ್ಲಿನಲ್ಲಿ ಮಾತ್ರ ಕವರ್ ಎಂಬ ಪದ ಬರುವುದಿಲ್ಲ, ‘ಸ್ಪೆಷಲ್ ಎಫೆಕ್ಟ್’ ಎಂದು ಬರುತ್ತದೆ.

ಕರಣೆ ವಿಧಿ: ಮರಳಿನ ಕಾಳು ಬೆರೆತ ದಪ್ಪ ಲೇಪವನ್ನು ಕರಣೆಯಲ್ಲಿ ಎಳೆದು, ಹಸಿಯಿರುವಾಗಲೇ ಪ್ಲಾಸ್ಟಿಕ್ ಹಲಗೆಯಿಂದ ಉಜ್ಜಬೇಕು. ಕಾಳು ಉರುಳಿ ಉರುಳಿ ಗೀರು ಬೀಳುತ್ತದೆ. ಸಹಜದೋಷ ಅಡಗುವುದು ಇದೊಂದರಲ್ಲೇ. ಸೊಟ್ಟಿನ ಜೊತೆ ವರ್ಷದ ಧೂಳನ್ನೂ ಅದು ಅಡಗಿಸಿಕೊಳ್ಳುತ್ತದೆಂಬುದು ಯುಗಾದಿಯ ಹಿಂದಿನ ದಿನ ತಿಳಿಯುತ್ತದೆ.

ಮೂರಕ್ಕೂ ಸಮಾನವಾದ ನಿಷೇಧ: ಕೋಣೆಗೆ ಒಂದೇ ಗೋಡೆ. ನಾಲ್ಕಕ್ಕೂ ಮಾಡಿಸಿದರೆ ಮುಚ್ಚಿಡಲು ಏನೋ ಇದೆಯೆಂದು ನೆಂಟರಿಗೆ ಅನುಮಾನ ಬರುತ್ತದೆ.

6. ಪೂರ್ವಪಕ್ಷ ಮತ್ತು ಸಿದ್ಧಾಂತ

ಕ್ಯಾಲೆಂಡರ್‌ವಾದಿಗಳ ಆಕ್ಷೇಪ: ಬಿರುಕಿನ ಮೇಲೆ ತಿಥಿ, ನಕ್ಷತ್ರ, ರಾಹುಕಾಲವಿರುವ ಕ್ಯಾಲೆಂಡರ್ ನೇತುಹಾಕಿದರೆ ಸಾಲದೆ? ಸಾಲದು. ಬಿರುಕು ಬೆಳೆಯುತ್ತದೆ, ಕ್ಯಾಲೆಂಡರ್ ಹರಿಯುತ್ತ ಹೋಗುತ್ತದೆ. ಬೀರುವಾದಿಗಳು ತೇವದ ಗೋಡೆಗೆ ಬೀರು ಒರಗಿಸಿಡುತ್ತಾರೆ. ಮಳೆಗಾಲದಲ್ಲಿ ರೇಷ್ಮೆ ಸೀರೆಗೆ ಬೂಸ್ಟು ಬಂದಾಗ ಅವರ ವಾದ ತಾನಾಗಿ ಖಂಡಿತವಾಗುತ್ತದೆ.

ನಿಜವಾದ ಪ್ರತಿವಾದ ಮಲೆನಾಡಿನದು. ಸಾಗರದ ಕಡೆಯ ದೀವರ ಹೆಣ್ಣುಮಕ್ಕಳು ಮಣ್ಣಿನ ಗೋಡೆಗೆ ಕೆಮ್ಮಣ್ಣು ಸಾರಿಸಿ, ಪುಂಡಿನಾರಿನ ಕುಂಚದಲ್ಲಿ ಅಕ್ಕಿಹಿಟ್ಟಿನ ಬಿಳಿಗೆರೆ ಎಳೆದು ಹಸೆ ಚಿತ್ತಾರ ಬರೆಯುತ್ತಾರೆ. ಆ ಗೋಡೆ ರಸಮಟ್ಟದ ಪರೀಕ್ಷೆಗೆ ಎಂದೂ ಕೂತದ್ದಲ್ಲ. ಗೆರೆ ಉಬ್ಬಿದಲ್ಲಿ ಉಬ್ಬಿ, ತಗ್ಗಿದಲ್ಲಿ ತಗ್ಗಿ ಗೋಡೆಯ ಜೊತೆಗೇ ಹೋಗುತ್ತದೆ. ಮುಚ್ಚಿಡುವ ಹಟ ಅದಕ್ಕಿಲ್ಲ. ನೆಟ್ಟಗಿದ್ದೇನೆಂದು ಮಣ್ಣಿನ ಗೋಡೆ ಯಾರಿಗೂ ಮಾತು ಕೊಟ್ಟಿರಲಿಲ್ಲ. ಮಾತು ಕೊಟ್ಟದ್ದು ಸಿಮೆಂಟು, ಕಮಿಟ್ ಆದದ್ದು ನಾವು. ನಮ್ಮ ಶಾಸ್ತ್ರದ ಬಳಿ ಇದಕ್ಕೆ ಉತ್ತರವಿಲ್ಲವಾದ್ದರಿಂದ ಪದ್ಧತಿಯಂತೆ ಮುಂದಿನ ಅಧ್ಯಾಯಕ್ಕೆ ಹೋಗುತ್ತೇವೆ.

7. ಫಲಶ್ರುತಿ

ಇದನ್ನು ಓದಿದವರು ಸಹಜದೋಷಕ್ಕೆ ಕರಣೆ, ಆರ್ಜಿತಕ್ಕೆ ಬಿರುಕು ತುಂಬಿ ಸ್ಪಂಜು ಎಂದು ತಿಳಿಯುವರು. ಆಗಂತುಕಕ್ಕೆ ಯಾವ ವಿಧಿಯೂ ಸಲ್ಲದು; ಪೈಪೋ ತಾರಸಿಯೋ ಸೋರುವುದನ್ನು ನಿಲ್ಲಿಸಿ, ಗೋಡೆ ಪೂರ್ತಿ ಒಣಗಿದ ಮೇಲಷ್ಟೇ ಡಬ್ಬದ ಮುಚ್ಚಳ ತೆಗೆಯಿರಿ. ಮನೆ ಇನ್ನೂ ಕಟ್ಟಿಸುತ್ತಿರುವವರಿಗೆ ಒಂದು ಮಾತು: ಗಾರೆಯ ಕೊನೆಯ ಕಂತು ಕೊಡುವ ಮುನ್ನ ಕತ್ತಲಾದ ಮೇಲೆ ಟಾರ್ಚನ್ನು ಗೋಡೆಗೆ ತಾಗಿಸಿ ಹಿಡಿದು ನೋಡಿ. ದುಡ್ಡು ನಿಮ್ಮ ಕೈಯಲ್ಲಿರುವವರೆಗೆ ಮೇಸ್ತ್ರಿ ತಿದ್ದುತ್ತಾರೆ. ಕೊಟ್ಟ ಮೇಲೆ ಶಾಸ್ತ್ರವೇ ಗತಿ.