‘ಅರವತ್ತು ದಾಟಿಸಿ ಕಳಿಸಿ, ಆಮೇಲೆ ನನ್ನನ್ನು ಕೇಳಿ’

ಮುಂಬೈ ಬಳಿಯ ಡೊಂಬಿವಲಿಯಲ್ಲಿ, ಎಂಐಡಿಸಿ ಎಂಬ ಕೈಗಾರಿಕಾ ಪ್ರದೇಶದ ವಸತಿ ಭಾಗದಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರಿದ್ದಾರೆ. ಉಡುಪಿ ಕಡೆಯವರು. ಗಂಡ ಇಲ್ಲಿನ ಕಾರ್ಖಾನೆಯೊಂದರಲ್ಲಿ ಕ್ಯಾಂಟೀನ್ ನಡೆಸಿ ತೀರಿಕೊಂಡವರು. ಹಾಲಿನವನ ತಿಂಗಳ ಲೆಕ್ಕವನ್ನು ಅಜ್ಜಿ ಈಗಲೂ ಬಾಯಲ್ಲೇ ಒಪ್ಪಿಸುತ್ತಾರೆ. ‘ನಮ್ಮ ಕುಟುಂಬದ್ದು ಗಟ್ಟಿ ಆಯುಷ್ಯ’ ಎಂದು ಬೀಗುತ್ತಿದ್ದ ಮಗ, ತಾಯಿಯ ಎಂಜಲನ್ನು ಲ್ಯಾಬಿಗೆ ಕಳಿಸಿ ವರದಿ ತರಿಸಿದಂದಿನಿಂದ ಸುಮ್ಮನಾಗಿದ್ದಾನೆ. ಅಪೊ-ಇ ಎಂಬ ಜೀನಿನ ಇ-4 ರೂಪ ಒಂದು ಪ್ರತಿ ಇದೆಯಂತೆ. ಆರೋಪಿಯನ್ನೇ ಮಾತಾಡಿಸೋಣವೆಂದು ಹೊರಟೆ. ಅಜ್ಜಿ ಟಿವಿ ನೋಡುತ್ತಿದ್ದರು. ಗಾಳಿಯಲ್ಲಿ ವಾಸನೆ ಇದ್ದುದರಿಂದ ಕಿಟಕಿ ಮುಚ್ಚಿತ್ತು. ಜೀನು ಮಾತಿಗೆ ಸಿಕ್ಕಿತು.

ನಿಮ್ಮ ಪರಿಚಯ?

ಹೆಸರು ಅಪೊ-ಇ, ವಾಸ 19ನೇ ಕ್ರೋಮೋಸೋಮ್. ರಕ್ತದಲ್ಲಿ ಕೊಬ್ಬು ಸಾಗಿಸುವ ಪ್ರೋಟೀನ್ ಮಾಡಿಸುವುದು ಕಸುಬು. ನಾವು ಮುಖ್ಯವಾಗಿ ಮೂರು ರೂಪ: ಇ-2, ಇ-3, ಇ-4. 299 ಅಮೈನೋ ಆಮ್ಲಗಳ ಸರಪಳಿಯಲ್ಲಿ 112ನೇ ಜಾಗ ಒಂದು ಬೇರೆ ಆದದ್ದಕ್ಕೆ ಇ-3 ಮರ್ಯಾದಸ್ಥ, ನಾನು ಕೇಡಿಗ. ನಿಜ ಹೇಳಬೇಕೆಂದರೆ ನಮ್ಮಲ್ಲಿ ಹಿರಿಯ ನಾನೇ. ಇ-3 ಹುಟ್ಟಿದ್ದು ಸುಮಾರು ಎರಡು ಲಕ್ಷ ವರ್ಷದ ಹಿಂದೆ ಎಂದು ಅಂದಾಜು. ನಿನ್ನೆ ಮೊನ್ನೆಯವನು, ಮಾರಾಯ್ರೆ.

ಆದರೆ ಆರೋಪಗಳು ಗಂಭೀರವಾಗಿವೆ.

ಎಂತ ಆರೋಪ, ಹೇಳಿ. 1993ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ನನ್ನನ್ನು ಅಲ್ಝೈಮರ್ ಮರೆವಿನ ಕಾಯಿಲೆಯೊಂದಿಗೆ ಹಿಡಿದರು. ಮರುವರ್ಷ ಫ್ರಾನ್ಸಿನವರು ನೂರು ವರ್ಷ ಮುಟ್ಟಿದ 338 ಮಂದಿಯ ರಕ್ತ ನೋಡಿ, ಅಲ್ಲಿ ಇ-4 ಕಡಿಮೆ, ಇ-2 ಹೆಚ್ಚು ಎಂದರು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ನನ್ನದೊಂದು ಪ್ರತಿ ಇದ್ದರೆ ಅಲ್ಝೈಮರ್ ಅಪಾಯ ಸುಮಾರು ಮೂರು ಪಟ್ಟು, ಎರಡು ಪ್ರತಿ ಇದ್ದರೆ ಇನ್ನೂ ಜಾಸ್ತಿ. ಅಪಾಯ ಎಂದೆ, ತೀರ್ಪು ಎಂದಿಲ್ಲ. ಅಗೋ, ಹಾಲಿನವನನ್ನು ಕೇಳಿ ನೋಡಿ, ಅಜ್ಜಿಗೆ ಮರೆವು ಉಂಟಾ ಅಂತ. ಆ ಲೆಕ್ಕವೆಲ್ಲ ಯುರೋಪ್ ಮೂಲದವರ ಮೇಲೆ ಕಟ್ಟಿದ್ದೇ ಹೆಚ್ಚು. ನಮ್ಮವರ ಲೆಕ್ಕ ಈಗಷ್ಟೇ ಶುರುವಾಗಿದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನು ಬೆಂಗಳೂರಿನ ಐಐಎಸ್ಸಿ ಆವರಣದ ಮೆದುಳು ಸಂಶೋಧನಾ ಕೇಂದ್ರದವರು ಮತ್ತೆ ಮತ್ತೆ ಪರೀಕ್ಷಿಸುತ್ತಿದ್ದಾರೆ. ಅದು ಮುಗಿಯಲಿ, ಆಮೇಲೆ ಉಡುಪಿಯ ನನ್ನ ಬಗ್ಗೆ ಮಾತಾಡಿ.

ಆಯುಷ್ಯದಲ್ಲಿ ಜೀನುಗಳ ಪಾಲು ಒಟ್ಟು ಎಷ್ಟು?

ಯಾರನ್ನು ಕೇಳುತ್ತೀರಿ ಎಂಬುದರ ಮೇಲೆ ಉಂಟು. 1996ರಲ್ಲಿ ಡೆನ್ಮಾರ್ಕಿನ ಅವಳಿಗಳ ಲೆಕ್ಕ: ಕಾಲು ಭಾಗ. 2018ರಲ್ಲಿ 40 ಕೋಟಿ ಜನರ ವಂಶವೃಕ್ಷ ಹರವಿ ನೋಡಿದವರು ನೂರಕ್ಕೆ ಹತ್ತೂ ಇಲ್ಲ ಎಂದರು. ಆ ಲೆಕ್ಕದಲ್ಲಿ ಒಂದು ತಮಾಷೆ ಸಿಕ್ಕಿತು. ರಕ್ತಸಂಬಂಧವೇ ಇಲ್ಲದ ಬೀಗರ ಆಯುಷ್ಯವೂ ಒಂದಕ್ಕೊಂದು ಹೊಂದುತ್ತಿತ್ತು!

ಅದು ಹೇಗೆ?

ನಿಮಗೆ ಗೊತ್ತಿಲ್ಲವಾ? ಮನೆತನ ನೋಡಿ, ಜಮೀನು ನೋಡಿ, ಹುಡುಗನ ನೌಕರಿ ನೋಡಿ ಹೆಣ್ಣು ಕೊಡುವವರು ನೀವು. ತಮ್ಮಂಥವರನ್ನೇ ಹುಡುಕಿ ಮದುವೆಯಾಗುವ ಚಾಳಿ ಅಮೆರಿಕದವರಿಗೂ ಉಂಟು. ಒಂದೇ ಅಂತಸ್ತು, ಒಂದೇ ಊಟ, ಒಂದೇ ಡಾಕ್ಟರು ಇದ್ದಾಗ ಆಯುಷ್ಯ ಹೊಂದಿಕೊಳ್ಳದೆ ಏನಾಗುತ್ತದೆ? ಅದನ್ನೆಲ್ಲ ನನ್ನ ಖಾತೆಗೆ ಜಮಾ ಮಾಡಿದ್ದರು. ನಿಘಂಟಿನ ಜಿ. ವೆಂಕಟಸುಬ್ಬಯ್ಯ 107 ವರ್ಷ ಬಾಳಿದರಲ್ಲ, ಅದರ ಶ್ರೇಯಸ್ಸೂ ನಮಗೇ ಕಟ್ಟುವವರಿದ್ದಾರೆ. ಅವರ ಜೀನುಗಳನ್ನು ನಾನು ಕಂಡಿಲ್ಲ, ಕಾಣದೆ ಸಾಕ್ಷಿ ಹೇಳುವುದಿಲ್ಲ.

ಹಾಗಾದರೆ ಹತ್ತಕ್ಕೆ ಒಪ್ಪಿಗೆಯೇ?

ಖಂಡಿತಾ ಇಲ್ಲ. 2026ರ ಆರಂಭದಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು ಅವಳಿಗಳ ಲೆಕ್ಕವನ್ನೇ ಮತ್ತೆ ತೆಗೆದರು. ಅಪಘಾತ, ಸೋಂಕಿನಂತಹ ಹೊರಗಿನ ಕಾರಣದ ಸಾವುಗಳನ್ನು ಬದಿಗಿಟ್ಟರೆ ಪಿತ್ರಾರ್ಜಿತದ ಪಾಲು ಸುಮಾರು ಅರ್ಧ ಎಂದರು. ಅರ್ಧ! ಓದಿ ಉಬ್ಬಿಹೋದೆ. ಆಮೇಲೆ ನಾನಿರುವುದು ಎಲ್ಲಿ ಎಂದು ನೆನಪಾಯಿತು.

ಎಲ್ಲಿದ್ದರೆ ಏನು?

ಹೊರಗಿನ ಸಾವುಗಳನ್ನು ಬದಿಗಿಡಬೇಕಂತೆ. ಡೊಂಬಿವಲಿಯಲ್ಲಿ ಅದನ್ನು ಬದಿಗಿಟ್ಟರೆ ಏನು ಉಳಿಯುತ್ತದೆ ಮಾರಾಯ್ರೆ? 2014ರಲ್ಲಿ ಇಲ್ಲಿ ಹಸಿರು ಮಳೆ ಬಂತು. 2020ರ ಫೆಬ್ರವರಿಯಲ್ಲಿ ರಸ್ತೆಯೇ ಗುಲಾಬಿ ಬಣ್ಣಕ್ಕೆ ತಿರುಗಿ, ಮುಖ್ಯಮಂತ್ರಿ ನೋಡಲು ಬಂದರು. ಬೆಳಿಗ್ಗೆ ಸಿಎಸ್‌ಎಂಟಿ ಫಾಸ್ಟ್ ಲೋಕಲ್ ರೈಲಿನ ಬಾಗಿಲಲ್ಲಿ ಒಂದು ಕಾಲಿನಲ್ಲಿ ನೇತಾಡುವವನ ಆಯುಷ್ಯವನ್ನು ಯಾವ ಕ್ರೋಮೋಸೋಮ್ ಕಾಯುತ್ತದೆ? 2016ರ ಮೇ 26ರಂದು ಫೇಸ್ 2ರಲ್ಲಿ ಕಾರ್ಖಾನೆ ಸಿಡಿದಾಗ ದೂರದೂರದ ಮನೆಗಳ ಗಾಜು ಒಡೆಯಿತು, ಹತ್ತಕ್ಕೂ ಹೆಚ್ಚು ಜನ ಸತ್ತರು. ಅವರೊಳಗೂ ನಮ್ಮವರಿದ್ದರು. ಇ-2ಗಳೂ ಇದ್ದಿರಬಹುದು, ದೀರ್ಘಾಯುಷ್ಯದವರು. ಯಾರೂ ಅವರನ್ನು ಕೇಳಲಿಲ್ಲ.

ಡೆನ್ಮಾರ್ಕ್, ಸ್ವೀಡನ್, ಫಿನ್‌ಲೆಂಡಿನ ಇಪ್ಪತ್ತು ಸಾವಿರ ಅವಳಿಗಳನ್ನು ನೋಡಿದವರು 2006ರಲ್ಲಿ ಒಂದು ಮಾತು ಬರೆದರು. ಅರವತ್ತರವರೆಗೆ ಜೀನುಗಳ ಪ್ರಭಾವ ತೀರಾ ಅಲ್ಪ, ಅದು ಬೆಳೆಯುವುದು ಆಮೇಲೆ. ನನ್ನ ಕೆಲಸ ಶುರುವಾಗುವುದೇ ನಿವೃತ್ತಿಯ ನಂತರ. ಮೊದಲು ಮನುಷ್ಯನನ್ನು ಅರವತ್ತು ದಾಟಿಸಿ ಕಳಿಸಿ, ಆಮೇಲೆ ನನ್ನನ್ನು ಕೇಳಿ.

ಅಂದರೆ ನೀವು ನಿರ್ದೋಷಿ, ಗಾಳಿಯೇ ದೋಷಿ?

ಹಾಗೂ ಬರೆದುಕೊಳ್ಳಬೇಡಿ. ನಾನೂ ಗಾಳಿಯೂ ಪಾಲುದಾರರು. 2017ರಲ್ಲಿ ಅಮೆರಿಕದಲ್ಲಿ 65ರಿಂದ 79 ವರ್ಷದ ಹೆಂಗಸರ ಅಧ್ಯಯನವೊಂದು ಬಂತು. ಪಿಎಂ 2.5 ಎಂಬ ಸೂಕ್ಷ್ಮ ಧೂಳು ಹೆಚ್ಚಿದ್ದ ಕಡೆ ಬದುಕಿದವರಲ್ಲಿ ಬುದ್ಧಿ ಮಂಕಾಗುವುದು ಹೆಚ್ಚು, ನನ್ನ ಎರಡೂ ಪ್ರತಿ ಇದ್ದವರಲ್ಲಿ ಇನ್ನೂ ಹೆಚ್ಚು. ಬೊಲಿವಿಯಾದ ಕಾಡಿನ ಚಿಮಾನೆ ಜನರಲ್ಲಿ ಕಥೆ ಉಲ್ಟಾ. ಅಲ್ಲಿ ಹೊಟ್ಟೆಹುಳದ ಕಾಟ ಇದ್ದವರಲ್ಲಿ ಇ-4 ಇದ್ದವರದ್ದೇ ತಲೆ ಚುರುಕು. ಒಂದೇ ನಾನು: ಕಾಡಿನಲ್ಲಿ ಕಾವಲುಗಾರ, ಕಾರ್ಖಾನೆಯ ಪಕ್ಕ ಕಳ್ಳ. ಅಜ್ಜಿಯ ವರದಿಯಲ್ಲಿ ನನ್ನ ಹೆಸರು ಕೆಂಪಕ್ಷರದಲ್ಲಿದೆ. ಅವರು ಅಷ್ಟು ವರ್ಷ ಉಸಿರಾಡಿದ ಗಾಳಿಯ ಹೆಸರು ಯಾವ ಬಣ್ಣದಲ್ಲೂ ಇಲ್ಲ.

ವರದಿ ತರಿಸಿದ್ದು ತಪ್ಪೇ?

ತರಿಸಿ, ಬೇಡವೆನ್ನಲು ನಾನ್ಯಾರು? ಆದರೆ ಮಗ ಅದನ್ನು ಓದಿದ ರಾತ್ರಿ ನಿದ್ದೆ ಬಿಟ್ಟ. ಅದೇ ಮಗ ತಾಯಿಯ ಬಿಪಿ ನೋಡಿಸಿ ತಿಂಗಳುಗಟ್ಟಲೆ ಆಗಿತ್ತು. ಬಿಪಿ ಮಾತ್ರೆಯಿಂದ ಇಳಿಯುತ್ತದೆ. ನಾನು ಇಳಿಯುವವನಲ್ಲ, ಹುಟ್ಟುವಾಗಲೇ ಹತ್ತಿ ಕೂತವನು. ಅವನಲ್ಲೂ ನಾನಿರುವ ಸಾಧ್ಯತೆ ಅರ್ಧಕ್ಕರ್ಧ, ಅವನು ತನ್ನ ಪರೀಕ್ಷೆ ಮಾತ್ರ ಮಾಡಿಸಲಿಲ್ಲ.

ಸರ್ಕಾರಕ್ಕೆ ಏನಾದರೂ ಮನವಿ?

ಉಂಟು, ಅದೂ ಪೂರ್ತಿ ಸ್ವಾರ್ಥದ್ದು. ಗಾಳಿ ಸ್ವಚ್ಛವಾಗಲಿ, ಲೋಕಲಿನ ಬಾಗಿಲು ಮುಚ್ಚುವಂತಾಗಲಿ, ಬಾಯ್ಲರು ರಿಯಾಕ್ಟರುಗಳ ತಪಾಸಣೆ ಕಾಗದದಲ್ಲಿ ಮುಗಿಯದಿರಲಿ. ಹೊರಗಿನ ಸಾವು ಕಡಿಮೆಯಾದಷ್ಟೂ ನನ್ನ ಪಾಲು ಹೆಚ್ಚುತ್ತದೆ. ಕೇಡಿಗ ಎನ್ನಿಸಿಕೊಂಡರೂ ಚಿಂತೆಯಿಲ್ಲ, ಸ್ವಂತ ಬಲದಿಂದ ಎನ್ನಿಸಿಕೊಳ್ಳಬೇಕು. ಇಲ್ಲಿ ಆ ಯೋಗ ಇಲ್ಲ. ನಾನು ಕೈ ಎತ್ತುವ ಮೊದಲೇ ಬೇರೆಯವರು ಕೆಲಸ ಮುಗಿಸಿರುತ್ತಾರೆ.

ಕಾರ್ಖಾನೆಗಳನ್ನು ಬೇರೆಡೆಗೆ ಸಾಗಿಸುತ್ತಾರಂತಲ್ಲ?

ಸಾಗಿಸಲಿ. ಒಂದಕ್ಷರ ಬದಲಾಗಿ ಊರೆಲ್ಲ ಹಬ್ಬಲು ನಮಗೆ ಸಾವಿರಾರು ವರ್ಷ ಬೇಕು, ಆದ್ದರಿಂದ ಕಡತದ ನಿಧಾನವನ್ನು ನಾನು ಟೀಕಿಸುವ ಹಾಗಿಲ್ಲ. ದಿನಾಂಕ ಮಾತ್ರ ಬರೆದುಕೊಳ್ಳಿ. ಇಲ್ಲಿನ 150ಕ್ಕೂ ಹೆಚ್ಚು ಅಪಾಯಕಾರಿ ಕಾರ್ಖಾನೆಗಳನ್ನು ಪಾತಾಳಗಂಗಾಕ್ಕೆ ಒಯ್ಯುವ ಘೋಷಣೆ ಆದದ್ದು 2022ರಲ್ಲಿ. ಅಮುದಾನ್ ಕೆಮಿಕಲ್ಸ್ ಸಿಡಿದು ಮತ್ತೆ ಹತ್ತಕ್ಕೂ ಹೆಚ್ಚು ಜನ ಸತ್ತದ್ದು 2024ರ ಮೇ 23ರಂದು, ಇದೇ ಎಂಐಡಿಸಿಯಲ್ಲಿ.