ಸಿಸ್ಟಮ್ ಸಾರ್

ಶಿಕಾರಿಪುರದಿಂದ ಸೊರಬದವರೆಗೆ ಯಾವ ಊರಲ್ಲಿ ಕಂಪ್ಯೂಟರು ಮುನಿಸಿಕೊಂಡು ಕೂತರೂ ಫೋನು ಹೋಗುವುದು ಇವರಿಗೇ. ಇವರಿಗೂ ಅಪ್ಪ ಅಮ್ಮ ಇಟ್ಟ ಹೆಸರೊಂದಿದೆ, ರೇಷನ್ ಕಾರ್ಡಿನಲ್ಲಿ ಕ್ಷೇಮವಾಗಿದೆ. ಜನರ ಮೊಬೈಲುಗಳಲ್ಲಿ ಮಾತ್ರ ಇವರು ‘ಸಿಸ್ಟಮ್ ಸಾರ್’. ಇಂಥವರು ಶಿರಾಳಕೊಪ್ಪದಲ್ಲೂ ಒಬ್ಬರು ಸಿಗುತ್ತಾರೆ, ಆನವಟ್ಟಿಯಲ್ಲೂ ಒಬ್ಬರು. ಒಬ್ಬರು ಕೈಯಾಡಿಸಿದ ಡಬ್ಬಿಯನ್ನು ಇನ್ನೊಬ್ಬರು ಬಿಚ್ಚಿದಾಗ, “ಯಾರ್ರೀ ಇದನ್ನ ಮುಟ್ಟಿದ್ದು?” ಎಂದು ಹುಬ್ಬುಗಂಟಿಕ್ಕುವುದು ಈ ವೃತ್ತಿಯ ಮೊದಲ ಪಾಠ.

ಬೆನ್ನಿಗೊಂದು ಕಪ್ಪು ಬ್ಯಾಗು, ಕಿಸೆಯಲ್ಲಿ ಪೆನ್ನಿರಬೇಕಾದ ಜಾಗದಲ್ಲಿ ಸ್ಟಾರ್ ಸ್ಕ್ರೂಡ್ರೈವರ್. “ಬಂದೇಬಿಟ್ಟೆ, ಬಳ್ಳಿಗಾವಿ ದಾಟಿದೆ” ಎಂದು ಫೋನಿನಲ್ಲಿ ಹೇಳುವಾಗ ಹಿನ್ನೆಲೆಯಲ್ಲಿ ಮನೆಯ ಕುಕ್ಕರ್ ಕೂಗುತ್ತಿರುತ್ತದೆ. ಭಾಷೆಯೂ ಬೈಕಿನ ಜೊತೆಯಲ್ಲೇ ಗೇರು ಬದಲಿಸುತ್ತದೆ. ಶಿಕಾರಿಪುರದಲ್ಲಿ “ನೋಡ್ರಿ” ಅನ್ನುತ್ತಿದ್ದವರು ಚಂದ್ರಗುತ್ತಿ ಕಡೆ ತಿರುಗಿದ ಮೇಲೆ “ಎಂತ ಆಯ್ತು ಮಾರಾಯ್ರೇ” ಎನ್ನತೊಡಗುತ್ತಾರೆ. ಬಿಲ್ಲು ಎರಡೂ ಕಡೆ ಒಂದೇ.

ಬಂದವರೇ ಕ್ಯಾಬಿನೆಟ್ಟಿಗೆ ಕಿವಿ ಹಚ್ಚುತ್ತಾರೆ. ಮನೆಯವರೆಲ್ಲ ಉಸಿರು ಬಿಗಿಹಿಡಿಯುತ್ತಾರೆ. ಒಳಗೆ ಟಕ್, ಟಕ್. “ಹಾರ್ಡ್‌ಡಿಸ್ಕಿನ ಹೆಡ್ಡು ಹೋಗಿದೆ.” ಯಾಕೆ ಹೋಯಿತು ಎಂದರೆ ಉತ್ತರ ಒಂದೇ: ವೋಲ್ಟೇಜ್. ಮಾನಿಟರು ಹೋದರೂ ವೋಲ್ಟೇಜ್, ಮೌಸ್ ಹೋದರೂ ವೋಲ್ಟೇಜ್. ಮಳೆಗಾಲದಲ್ಲಿ ಕರೆಂಟು ನಿಂತಲ್ಲಿ ನಿಲ್ಲದ ಸೀಮೆ ಇದು. ಹಾಗಾಗಿ ಈ ಉತ್ತರ ಮುಕ್ಕಾಲು ಪಾಲು ಸರಿಯೂ ಆಗಿಬಿಡುತ್ತದೆ. “ಗೊತ್ತಿಲ್ಲ” ಎಂಬ ಮಾತು ಅವರ ಬಾಯಿಂದ ಹೊರಟದ್ದನ್ನು ಎರಡೂ ತಾಲ್ಲೂಕಿನಲ್ಲಿ ಕೇಳಿದವರಿಲ್ಲ.

ಹೊಸ ಹಾರ್ಡ್‌ಡಿಸ್ಕಿನ ರೇಟು ಕೇಳಿದರೆ ಮುಖ ಸಣ್ಣದು ಮಾಡಿ ಥಾಯ್ಲೆಂಡಿನ ಕಥೆ ತೆಗೆಯುತ್ತಾರೆ. 2011ರಲ್ಲಿ ಅಲ್ಲಿ ನೆರೆ ಬಂದು ಡಿಸ್ಕ್ ಫ್ಯಾಕ್ಟರಿಗಳು ಮುಳುಗಿದ್ದು, ಜಗತ್ತಿನಾದ್ಯಂತ ಬೆಲೆ ಏರಿದ್ದು ನಿಜವೇ. ಥಾಯ್ಲೆಂಡಿನಲ್ಲಿ ನೀರು ಇಳಿದು ಎಷ್ಟೋ ವರ್ಷವಾಯಿತು, ಇವರ ಅಂಗಡಿಯಲ್ಲಿ ಇನ್ನೂ ಇಳಿದಿಲ್ಲ.

ಆಮೇಲೆ ಶಸ್ತ್ರಕ್ರಿಯೆ. ಪಕ್ಕದ ತಗಡು ಬಿಚ್ಚಿದರೆ ಧೂಳು, ಹಲ್ಲಿಮೊಟ್ಟೆ, ಹೋದ ವರ್ಷ ಕಾಣೆಯಾಗಿದ್ದ ಕಿವಿಯೋಲೆ. ಒಳಗೆ ಕೈ ಹಾಕುವ ಮೊದಲು ಕ್ಯಾಬಿನೆಟ್ಟಿನ ಬರಿಯ ಲೋಹವನ್ನು ಬೆರಳಿಂದ ಮುಟ್ಟುತ್ತಾರೆ. ಮೈಯಲ್ಲಿ ಕೂತ ಸ್ಥಾಯಿ ವಿದ್ಯುತ್ತು ಚಿಪ್ಪುಗಳಿಗೆ ಹರಿಯದಿರಲಿ ಎಂದು. ನೋಡುತ್ತ ನಿಂತ ಅಜ್ಜಿ ಅದನ್ನು ನಮಸ್ಕಾರವೆಂದೇ ತಿಳಿದು ತಾನೂ ಕೈಮುಗಿಯುತ್ತಾಳೆ.

ನಿಜ ಹೇಳಬೇಕೆಂದರೆ ಈಗ ಇದರಲ್ಲಿ ಅಂಥಾ ವಿದ್ಯೆ ಏನೂ ಉಳಿದಿಲ್ಲ. ಸಾಟಾ ಕೇಬಲ್ಲಿನ ಬಾಯಿ ಒಂದು ಕಡೆ ಮಡಚಿಕೊಂಡಿರುವುದರಿಂದ ತಲೆಕೆಳಗಾಗಿ ಹಾಕುತ್ತೇನೆಂದರೂ ಹೋಗದು. ಡೇಟಾಕ್ಕೊಂದು, ಪವರಿಗೊಂದು, ಅಷ್ಟೇ. ಸಾರ್ ಪಳಗಿದ್ದು ಐಡಿಇ ಕಾಲದಲ್ಲಿ. ಆಗ ಅಂಗೈಯಗಲದ ರಿಬ್ಬನ್ ಕೇಬಲ್, ಅದರ ಕೆಂಪು ಅಂಚು ಒಂದನೇ ಪಿನ್ನಿನ ಕಡೆಗೇ ಬರಬೇಕು. ಒಂದೇ ಕೇಬಲ್ಲಿಗೆ ಎರಡು ಡಿಸ್ಕಾದರೆ ಒಂದು ಮಾಸ್ಟರ್, ಇನ್ನೊಂದು ಸ್ಲೇವ್. ಅದನ್ನು ತೀರ್ಮಾನಿಸುತ್ತಿದ್ದುದು ಬೆನ್ನ ಹಿಂದೆ ಸಿಕ್ಕಿಸುವ ಕಿರುಬೆರಳ ಉಗುರಿನಷ್ಟೂ ಇಲ್ಲದ ಜಂಪರ್. ಅದು ಕೈಜಾರಿತೆಂದರೆ ಇಡೀ ಕುಟುಂಬ ಮಂಡಿಯೂರಿ ನೆಲ ತಡಕುತ್ತಿತ್ತು. ಆ ಗಾಂಭೀರ್ಯವನ್ನು ಸಾರ್ ಇವತ್ತಿಗೂ ಬಿಟ್ಟುಕೊಟ್ಟಿಲ್ಲ. ನಾಲ್ಕು ಸ್ಕ್ರೂ ಬೇಕಾದಲ್ಲಿ ಎರಡನ್ನು ಬಿಗಿದು, ಉಳಿದೆರಡನ್ನು ಮುಂದಿನ ಮನೆಗೆಂದು ಕಿಸೆಗಿಳಿಸುತ್ತಾರೆ.

ಹೊಸ ಡಿಸ್ಕು ಕೂತ ಮಾತ್ರಕ್ಕೆ ಕಾಣುವುದಿಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟಿಗೆ ಹೋಗಿ ಇನಿಷಿಯಲೈಸ್ ಮಾಡಿ, ಪಾರ್ಟಿಷನ್ ಕಟ್ಟಿ, ಅಕ್ಷರವೊಂದನ್ನು ಕೊಡಬೇಕು. ಕಷ್ಟದ್ದೇನಲ್ಲ. ಆದರೆ ಸರಿಯಾಗಿ ಆ ಹೊತ್ತಿಗೇ ಸಾರ್‌ಗೆ ಬಾಯಾರಿಕೆ. “ಒಂಚೂರು ಟೀ ಸಿಗಬಹುದಾ?” ಯಜಮಾನರು ಒಳಗೆ ಹೋಗಿ ಬರುವಷ್ಟರಲ್ಲಿ, ಬೆನ್ನಿಂದ ಪರದೆ ಮರೆಮಾಡಿ, ಕೆಲಸ ಮುಗಿಸಿರುತ್ತಾರೆ.

ಮುಂದಿನ ಗಂಡಾಂತರ ಲೆಕ್ಕದ್ದು. ಡಬ್ಬಿಯ ಮೇಲೆ 500 ಜಿಬಿ, ಪರದೆಯ ಮೇಲೆ 465. ಯಜಮಾನರು ಅಡಿಕೆ ವ್ಯಾಪಾರಸ್ಥರು, ತೂಕದಲ್ಲಿ ಕಡಿಮೆ ಬಂದರೆ ಬಿಟ್ಟಾರೆಯೇ? “ಉಳಿದ 35 ಎಲ್ಲಿ?” ಕಂಪನಿಯವರು ಸಾವಿರಕ್ಕೊಂದು ಮೆಟ್ಟಿಲಿನಂತೆ ಎಣಿಸುತ್ತಾರೆ, ವಿಂಡೋಸು 1024ಕ್ಕೊಂದರಂತೆ ಎಣಿಸುತ್ತದೆ, ಮೂರು ಮೆಟ್ಟಿಲು ಹತ್ತುವಷ್ಟರಲ್ಲಿ ಅಷ್ಟು ವ್ಯತ್ಯಾಸ. ಇದನ್ನೆಲ್ಲ ಬಿಡಿಸಿ ಹೇಳಿದರೆ ಮಧ್ಯಾಹ್ನದ ಊಟ ತಪ್ಪುತ್ತದೆಂದು ಸಾರ್‌ಗೆ ಗೊತ್ತು. “ಹಸಿ ಅಡಿಕೆ ಒಣಗಿದ ಹಾಗೆ ಸಾರ್” ಎಂದರು. ಯಜಮಾನರು ತಲೆಯಾಡಿಸಿದರು. ಇದಕ್ಕಿಂತ ದೊಡ್ಡ ಸುಳ್ಳಿಲ್ಲ, ಇದಕ್ಕಿಂತ ಒಳ್ಳೆಯ ವಿವರಣೆಯೂ ಇಲ್ಲ.

ಡಿಟಿಪಿ ಅಂಗಡಿಯಾದರೆ ಇಷ್ಟಕ್ಕೆ ಬಿಡುಗಡೆಯಿಲ್ಲ. ಹೊಸ ಡಿಸ್ಕಿಗೆ ವಿಂಡೋಸ್ ಹಾಕಿದ ಮೇಲೆ ಹುಚ್ಚರಾಯಸ್ವಾಮಿ ತೇರಿನ ಕರಪತ್ರ ತೆರೆದರೆ, ದೇವರ ಹೆಸರಿರಬೇಕಾದಲ್ಲಿ ಟೋಪಿ, ಕೊಂಬು ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು. ಅಂಗಡಿಯವನು ಡಿಸ್ಕೇ ಕೆಟ್ಟಿತೆಂದು ತಲೆ ಮೇಲೆ ಕೈ ಹೊತ್ತ. ಹೋಗಿದ್ದು ನುಡಿ ಫಾಂಟು, ಅಷ್ಟೆ. ಸಾರ್ ಬ್ಯಾಗಿನಿಂದ ಪೆನ್‌ಡ್ರೈವ್ ತೆಗೆದು ಸಿಕ್ಕಿಸಿದ್ದೇ ತಡ, ಹುಚ್ಚರಾಯ ಕನ್ನಡದಲ್ಲಿ ಪ್ರತ್ಯಕ್ಷ.

ಇಷ್ಟೆಲ್ಲ ನಗಾಡಿದರೂ ಹಳೆಯ ಡಿಸ್ಕಿನ ವಿಷಯಕ್ಕೆ ಬಂದಾಗ ನಾನು ಇವರ ಪಕ್ಷ. ಐಬಿಎಂ 1956ರಲ್ಲಿ ತಂದ ಮೊದಲ ಹಾರ್ಡ್‌ಡಿಸ್ಕಿನಲ್ಲಿ 24 ಇಂಚಿನ 50 ತಟ್ಟೆಗಳಿದ್ದವು, ಎಲ್ಲ ಸೇರಿ ಹಿಡಿಯುತ್ತಿದ್ದುದು ಸುಮಾರು 3.75 ಎಂಬಿ. ಈಗಿನ ಆರತಕ್ಷತೆಯ ಒಂದು ಫೋಟೋ ಅದರಲ್ಲಿ ಕೂರುವುದು ಕಷ್ಟ. ನಾವೋ, ಮಗಳ ಮದುವೆ, ಅಪ್ಪನ ಕೊನೆಯ ಯುಗಾದಿ, ಪಹಣಿ, ಕ್ರಯಪತ್ರ ಎಲ್ಲವನ್ನೂ ಒಂದೇ ಡಬ್ಬಿಯೊಳಗೆ ತುಂಬಿ, ಎರಡನೇ ಪ್ರತಿ ಇಡದೆ ನಿಶ್ಚಿಂತೆಯಿಂದಿರುತ್ತೇವೆ. ಸಾರ್ ಆ ಟಕ್ ಟಕ್ ಡಿಸ್ಕನ್ನು ಟವೆಲಿನಲ್ಲಿ ಸುತ್ತಿ ಒಯ್ದು, ರಾತ್ರಿಯಿಡೀ ಅದರ ಮುಂದೆ ಕೂತು ಸಿಕ್ಕಿದಷ್ಟನ್ನು ಎತ್ತುತ್ತಾರೆ. ಅವರ ಮೇಜಿನ ‘ನ್ಯೂ ಫೋಲ್ಡರ್’ಗಳಲ್ಲಿ ಅರ್ಧ ತಾಲ್ಲೂಕಿನ ಮದುವೆಗಳಿವೆ. ಯಾರ ಮನೆಯ ಗುಟ್ಟೂ ಅಲ್ಲಿಂದ ಹೊರಬಂದದ್ದಿಲ್ಲ. ಬೈಗುಳ ಮಾತ್ರ ಧಾರಾಳ: “ನಮ್ಮ ತಾಳಗುಂದದಲ್ಲಿ ಕುಬ್ಜ ಕವಿ ಕಂಬದ ಮೇಲೆ ಬರೆದದ್ದು ಹದಿನೈದು ಶತಮಾನ ತಡೆದಿದೆ. ನಿಮ್ಮದು ಕಲ್ಲಲ್ಲ ಮಾರಾಯ್ರೇ, ತಿರುಗೋ ತಟ್ಟೆ! ಇನ್ನೊಂದು ಕಾಪಿ ಇಡಿ.” ಎಲ್ಲರೂ ಹೂಂ ಎನ್ನುತ್ತಾರೆ. ಯಾರೂ ಇಡುವುದಿಲ್ಲ. ಇಟ್ಟರೆ ಸಾರ್ ಹೊಟ್ಟೆಪಾಡೇನು?

ಬಿಲ್ಲಿನಲ್ಲಿ ಒಂದೇ ಸಾಲು: ‘ಸಿಸ್ಟಮ್ ಸರಿ ಮಾಡಿದ್ದು’. ಐವತ್ತು ರೂಪಾಯಿ ಚೌಕಾಸಿಯಲ್ಲಿ ಹೋಗುತ್ತದೆ. ಅದನ್ನು ಮೊದಲೇ ಸೇರಿಸಿರುತ್ತಾರೆ. ಇನ್ನೇನು ಹೆಲ್ಮೆಟ್ ಏರಿಸಬೇಕು, ಅಜ್ಜಿ ಒಳಗಿಂದ ಮಿಕ್ಸಿ ಹೊತ್ತು ತಂದು ಜಗಲಿ ಮೇಲಿಡುತ್ತಾಳೆ. “ಹೆಂಗೂ ಬಂದೀಯ, ಇದನ್ನೂ ಒಂಚೂರು ನೋಡು ತಮ್ಮಾ.”

ಸಾರ್ ಹೆಲ್ಮೆಟ್ ಕೆಳಗಿಟ್ಟು ಮಿಕ್ಸಿಗೆ ಕಿವಿ ಹಚ್ಚುತ್ತಾರೆ. “ವೋಲ್ಟೇಜು ಅಜ್ಜೀ.”