ಇಂಧನ ಕೋಶ ಬಳಕೆಯ ಕೈಪಿಡಿ: ದೊಡ್ಡಬಳ್ಳಾಪುರದ ಮಗ್ಗದ ಮನೆಗಳಿಗೆ

ಅಭಿನಂದನೆಗಳು. ಕರೆಂಟ್ ಹೋದಾಗ ಮಗ್ಗ ನಿಲ್ಲದಿರಲೆಂದು ಡೀಸೆಲ್ ಜನರೇಟರ್ ಬಿಟ್ಟು ಹೈಡ್ರೋಜನ್ ಇಂಧನ ಕೋಶ ಕೊಂಡಿದ್ದೀರಿ. ನಿಮಗಿಂತ ಮುಂಚಿನ ಗಿರಾಕಿಗಳು ಸಾಮಾನ್ಯರಲ್ಲ. 1965ರಲ್ಲಿ ಜೆಮಿನಿ 5 ನೌಕೆ ಇದನ್ನು ಹೊತ್ತು ಬಾಹ್ಯಾಕಾಶಕ್ಕೆ ಹೋಯಿತು. 2024ರ ಜನವರಿಯಲ್ಲಿ ಇಸ್ರೋ ಪಿಎಸ್‌ಎಲ್‌ವಿ-ಸಿ58ರ ಕೊನೆಯ ಹಂತದಲ್ಲಿ ಕೂರಿಸಿ, 350 ಕಿ.ಮೀ. ಎತ್ತರದಲ್ಲಿ 180 ವ್ಯಾಟ್ ತೆಗೆಯಿತು. ಒಂದು ಎಚ್‌ಪಿ ಮೋಟರಿನ ಮಗ್ಗದ ಹೆಚ್ಚುಕಡಿಮೆ ಕಾಲುಭಾಗಕ್ಕೆ ಅದು ಸಾಕು.

ಜೋಡಣೆ: ಒಂದು ಕೋಶದಿಂದ ಬರುವುದು ಸುಮಾರು 0.7 ವೋಲ್ಟ್. 70 ಕೋಶಗಳನ್ನು ಒತ್ತಿ ಸಾಲಾಗಿ ಕಟ್ಟಿ, ಇನ್ವರ್ಟರಿಗೆ ಸೇರಿಸಿ. ಒಂದು ಬದಿಗೆ ಹೈಡ್ರೋಜನ್, ಇನ್ನೊಂದು ಬದಿಗೆ ಗಾಳಿ. ಪ್ರೋಟಾನುಗಳು ನಡುವಿನ ಪೊರೆಯನ್ನು ದಾಟಿ ಹೋಗುತ್ತವೆ. ಎಲೆಕ್ಟ್ರಾನುಗಳಿಗೆ ಆ ದಾರಿ ಇಲ್ಲ, ತಂತಿಯಲ್ಲಿ ಸುತ್ತಿ ಬರಬೇಕು. ಆ ಸುತ್ತಿನಲ್ಲಿಯೇ ನಿಮ್ಮ ಸೀರೆ ನೇಯಿಸಿಕೊಳ್ಳಿ. ಬೆಂಕಿಯಿಲ್ಲ, ಪಿಸ್ಟನ್ ಇಲ್ಲ, ಹೊಗೆಯಿಲ್ಲ.

ಸದ್ದೂ ಇಲ್ಲ. ಸೇನೆಗಳು ಮನಸೋತಿದ್ದು ಇದಕ್ಕೇ. ಜರ್ಮನಿಯ 212 ಮಾದರಿಯ ಜಲಾಂತರ್ಗಾಮಿಗಳು ಇಂಧನ ಕೋಶದ ಬಲದಿಂದ ವಾರಗಟ್ಟಲೆ ಮುಳುಗಿಯೇ ಇರಬಲ್ಲವು. ನಮ್ಮ ಡಿಆರ್‌ಡಿಒದ ಅಂಬರನಾಥ ಪ್ರಯೋಗಾಲಯ ಫಾಸ್ಫಾರಿಕ್ ಆಮ್ಲದ ಕೋಶವನ್ನು ಜಲಾಂತರ್ಗಾಮಿಗೆಂದೇ ರೂಪಿಸಿ, 2021ರ ಮಾರ್ಚಿನಲ್ಲಿ ನೆಲದ ಮೇಲೆ ಓಡಿಸಿ ತೋರಿಸಿತು. ಈ ಮೌನವನ್ನು ನೀವೂ ಸವಿಯಬೇಕಾದರೆ ಮೊದಲು ಮಗ್ಗಗಳನ್ನೆಲ್ಲ ನಿಲ್ಲಿಸಿ.

ಸಿಲಿಂಡರ್: ಆಳೆತ್ತರದ ಉಕ್ಕಿನ ಸಿಲಿಂಡರನ್ನು ಇಬ್ಬರು ಹಿಡಿದು ಇಳಿಸಿಕೊಳ್ಳಿ. ಒಳಗಿರುವ ಹೈಡ್ರೋಜನ್ ಅರ್ಧ ಕಿಲೋಗಿಂತ ಸ್ವಲ್ಪ ಹೆಚ್ಚು. ಹತ್ತು ಮಗ್ಗಗಳಿಗೆ ಒಂದು ಗಂಟೆಯ ಮಾತು. ಹೈಡ್ರೋಜನ್ ಮನೆಯಲ್ಲೇ ಮಾಡಿಕೊಳ್ಳುವ ಉಳಿತಾಯಗಾರರು ಕಿಲೋಗೆ 50 ಯೂನಿಟ್‌ಗೂ ಮೀರಿ ಕರೆಂಟ್ ಸುರಿದು, ಸುಮಾರು 15 ಯೂನಿಟ್ ವಾಪಸ್ ಪಡೆಯಬಹುದು. ಲಾಭವೇ ಇಲ್ಲವೆನ್ನಬೇಡಿ: ಸಿಲಿಂಡರೊಂದಕ್ಕೆ ಐದು ಲೀಟರಿನಷ್ಟು ನೀರು ಹುಟ್ಟುತ್ತದೆ. ಅಪೊಲೊ ಗಗನಯಾತ್ರಿಗಳು ಕುಡಿದದ್ದು ಇಂಥದ್ದೇ ನೀರು. ಬೋರ್‌ವೆಲ್ ಸಾವಿರ ಅಡಿ ಮುಟ್ಟಿದ ತಾಲ್ಲೂಕಿನಲ್ಲಿ ಇದನ್ನು ನೆರೆಮನೆಯವರಿಗೆ ಹೇಳದಿರುವುದು ಕ್ಷೇಮ.

ಎಚ್ಚರಿಕೆ (ಇಲ್ಲಿ ತಮಾಷೆ ಇಲ್ಲ): ಸೋರಿದ ಎಲ್‌ಪಿಜಿ ನೆಲ ಹಿಡಿಯುತ್ತದೆ, ಹೈಡ್ರೋಜನ್ ಸೂರು ಹತ್ತುತ್ತದೆ, ಗಾಳಿಗಂಡಿ ಮಾಡಿನಡಿಯಲ್ಲೇ ಇರಲಿ. ವಾಸನೆ ಬರುತ್ತದೆಂದು ಕಾಯಬೇಡಿ. ಎಲ್‌ಪಿಜಿಗೆ ಬೆರೆಸುವ ಗಂಧಕದ ವಾಸನೆ ಕೋಶದೊಳಗಿನ ಪ್ಲಾಟಿನಂ ಲೇಪವನ್ನು ಕೆಡಿಸುವುದರಿಂದ ಅದನ್ನು ಹೈಡ್ರೋಜನ್‌ಗೆ ಬೆರೆಸುವುದಿಲ್ಲ. ಹೊತ್ತಿದರೂ ಹಗಲಲ್ಲಿ ಜ್ವಾಲೆ ಕಾಣುವುದು ಕಷ್ಟ. ಆಯುಧಪೂಜೆಯ ದಿನ ಹೂ, ನಿಂಬೆಹಣ್ಣು ಅಡ್ಡಿಯಿಲ್ಲ, ಕರ್ಪೂರ ಬೇಡ. ಕುಂಕುಮವನ್ನು ಗಾಳಿ ಫಿಲ್ಟರಿಗೆ ಹಚ್ಚಬೇಡಿ.

ಪೈಪ್ ಗ್ಯಾಸ್ ಬಂದಿರುವ ಬೀದಿಯವರು ಘನ ಆಕ್ಸೈಡ್ ಮಾದರಿ ಕೇಳಿ ಪಡೆಯಿರಿ. 2013ರಲ್ಲಿ ದಾಭೋಳದಿಂದ ಬೆಂಗಳೂರಿಗೆ ಬಂತಲ್ಲ, ಆ ಕೊಳವೆಯ ನೈಸರ್ಗಿಕ ಅನಿಲದಲ್ಲೇ ಓಡುವಂಥದ್ದು. ದೊಡ್ಡ ಕಂಪನಿಗಳ ಕಟ್ಟಡಗಳಿಗೆ ಹೇಳಿಮಾಡಿಸಿದ ಮಾಲು. ಇದು ಕೆಲಸ ಮಾಡಲು 700 ಡಿಗ್ರಿಗೂ ಹೆಚ್ಚು ಕಾಯಬೇಕು, ಕಾಯಲು ಗಂಟೆಗಟ್ಟಲೆ ಬೇಕು. ಅಷ್ಟರಲ್ಲಿ ಲೈನ್‌ಮನ್ ಬಂದು ಫ್ಯೂಸ್ ಹಾಕಿ ಹೋಗಿರುತ್ತಾನೆ. ಆದ್ದರಿಂದ ಹಗಲೂ ರಾತ್ರಿ ಆರಿಸದೆ ಓಡಿಸಿ, ಬೆಸ್ಕಾಂ ಸಂಪರ್ಕವನ್ನು ಸ್ಟ್ಯಾಂಡ್‌ಬೈ ಆಗಿ ಇಟ್ಟುಕೊಳ್ಳಿ.